ಹಳೇ ಜೆಟ್ ತಡವಾಗಿ ಮಾತು ಕೇಳುತ್ತೆ: ಮನೆ ಸಿಮ್ಯುಲೇಟರ್‌ನಲ್ಲಿ 727, 707 ಹಾರಿಸೋರಿಗೆ

ನನ್ನ ತಂಗಿ ಮಗ ದಾವಣಗೆರೆಲಿ ಇಂಜಿನಿಯರಿಂಗ್ ಓದ್ತಾ ಇದಾನೆ, ಎರಡು ವರ್ಷದಿಂದ ಮನೆ ಕಂಪ್ಯೂಟರ್‌ನಲ್ಲಿ ಏರ್‌ಬಸ್ ಎ320 ಹಾರಿಸ್ತಾ ಇದ್ದೋನು, ಕೈ ಚೆನ್ನಾಗಿ ಕೂತಿತ್ತು, ಹೋದ ತಿಂಗಳು ಆಸೆಪಟ್ಟು ಬೋಯಿಂಗ್ 727 ಹಾಕ್ಕೊಂಡ. ಭಾನುವಾರ ನಾನು ಅವರ ಮನೆಗೆ ಹೋದಾಗ ವಿಮಾನ ನಾಲ್ಕನೇ ಸಲ ರನ್‌ವೇ ಮುಟ್ಟೋಕೆ ಮುಂಚೆನೇ ನೆಲಕ್ಕೆ ಬಿದ್ದಿತ್ತು. "ಮಾಮ, ಇದ್ರಾಗೆ ಏನೋ ಬಗ್ ಐತೆ, ಥ್ರಾಟಲ್ ಪೂರ್ತಿ ತಳ್ಳಿದೀನಿ, ಇಂಜಿನ್ ಏಳ್ತಾನೇ ಇಲ್ಲ, ಕಲ್ಲು ಬಿದ್ದಂಗೆ ಬೀಳ್ತೈತೆ" ಅಂದ. ಪಕ್ಕದಲ್ಲಿ ಕೂತು ಐದನೇ ಸಲ ಮಾಡ್ಸಿ ನೋಡ್ದೆ. ಬಗ್ ಏನೂ ಇರ್ಲಿಲ್ಲ. 727 ಇರೋದೇ ಹಂಗೆ, 1965ರಲ್ಲಿ ನಿಜವಾದ ಪೈಲಟ್‌ಗಳ ಕೈಲೂ ಅದು ಹಂಗೇ ನಡ್ಕೊಂಡಿತ್ತು.

ಅವತ್ತು ಮಧ್ಯಾಹ್ನ ಊಟ ಆದ್ಮೇಲೂ ಅವನಿಗೆ ಇದನ್ನೇ ಹೇಳ್ತಾ ಕೂತಿದ್ದೆ, ಅದನ್ನೇ ಇಲ್ಲಿ ಬರೀತಿದೀನಿ. ಹೊಸ ವಿಮಾನದಿಂದ ಹಳೇದಕ್ಕೆ ಬರೋ ಎಲ್ರಿಗೂ ಮೊದಲ ವಾರ ಇದೇ ಅನುಭವ, "ಇದು ಸರಿಯಾಗಿ ಮಾಡಿಲ್ಲ" ಅಂತ ಅನ್ಸುತ್ತೆ. ಆದ್ರೆ ಆ ವಿಚಿತ್ರ ಅನ್ಸೋ ಒಂದೊಂದು ಗುಣಕ್ಕೂ ಒಂದು ಕಾರಣ ಇದೆ, ಎಷ್ಟೋ ಕಾರಣಗಳ ಹಿಂದೆ ಒಂದು ಅಪಘಾತ ಇದೆ. ಎಲ್ಲದರಲ್ಲೂ ಹಾದು ಹೋಗೋ ಒಂದು ಎಳೆ ಅಂದ್ರೆ ತಡ. ನೀವು ಈಗ ಮಾಡಿದ್ದಕ್ಕೆ ಹಳೇ ಜೆಟ್ ಸ್ವಲ್ಪ ಹೊತ್ತಾದ್ಮೇಲೆ ಉತ್ತರ ಕೊಡುತ್ತೆ, ಈಗಿನ ವಿಮಾನದಲ್ಲಿ ಆ ತಡವನ್ನ ಕಂಪ್ಯೂಟರ್ ಮುಚ್ಚಿಡುತ್ತೆ, ಆಗ ಪೈಲಟ್ ತಲೆಲೇ ಲೆಕ್ಕ ಇಟ್ಕೊಂಡು ಮುಂಚೇನೇ ಮಾಡ್ಬೇಕಿತ್ತು.

ಮೊದಲು ಇಂಜಿನ್ ವಿಷಯ, ಯಾಕಂದ್ರೆ ಜಾಸ್ತಿ ಜನ ಬೀಳೋದು ಅಲ್ಲೇ. ನಮ್ಮ ಕಡೆಯವರಿಗೆ ಇದನ್ನ ಅರ್ಥ ಮಾಡ್ಸೋದು ಸುಲಭ, ಭದ್ರಾ ನಾಲೆ ನೋಡಿದವರಿಗೆ ಗೊತ್ತು. ಲಕ್ಕವಳ್ಳಿ ಡ್ಯಾಂನಲ್ಲಿ ನಾಲೆಗೆ ನೀರು ಬಿಟ್ಟ ತಕ್ಷಣ ದಾವಣಗೆರೆ ಕಡೆ ಕೊನೇ ಭಾಗದ ಗದ್ದೆಗೆ ನೀರು ಬರಲ್ಲ. ನಾಲೆ ತುಂಬ್ಕೋಬೇಕು, ಮೇಲಿನ ತೂಬುಗಳು ದಾಟ್ಬೇಕು, ಆಮೇಲೆ ನಮ್ಮ ಗದ್ದೆ. ಪೈರು ಒಣಗೋಕೆ ಶುರುವಾದ್ಮೇಲೆ ನೀರು ಬಿಡಿ ಅಂದ್ರೆ ತಡ ಆಯ್ತು ಅಂತಾನೇ ಅರ್ಥ. 727, ಡಿಸಿ-9, 737-200 ಈ ಮೂರಕ್ಕೂ ಇರೋ ಪ್ರಾಟ್ ಅಂಡ್ ವಿಟ್ನಿ ಜೆಟಿ8ಡಿ ಇಂಜಿನ್ ಹಂಗೇನೇ. ಐಡಲ್‌ನಲ್ಲಿ, ಅಂದ್ರೆ ಥ್ರಾಟಲ್ ಪೂರ್ತಿ ಹಿಂದೆ ಎಳೆದು ಸುಮ್ನೆ ತಿರುಗ್ತಾ ಇರೋ ಇಂಜಿನ್ ಪೂರ್ತಿ ಪವರ್‌ಗೆ ಬರೋಕೆ ಹೆಚ್ಚೂಕಮ್ಮಿ 8 ಸೆಕೆಂಡ್ ಹಿಡೀಬಹುದು. ಒಳಗೆ ಕಂಪ್ರೆಸರ್, ಟರ್ಬೈನ್ ಎಲ್ಲ ಭಾರವಾದ ಚಕ್ರಗಳು, ಅವು ವೇಗ ಹಿಡೀಬೇಕು, ಅವಸರಕ್ಕೆ ಒಂದೇ ಸಲ ಡೀಸೆಲ್ ಸುರಿದಂಗೆ ಇಂಧನ ಸುರಿದ್ರೆ ಗಾಳಿ ಸಾಲದೆ ಕಂಪ್ರೆಸರ್ ಉಸಿರು ಕಟ್ಟಿ ಢಬ್ ಅಂತ ಸದ್ದು ಮಾಡುತ್ತೆ ಇಲ್ಲ ಬಿಸಿ ಮಿತಿ ಮೀರುತ್ತೆ, ಅದಕ್ಕೆ ಇಂಧನ ಕೊಡೋ ಯಂತ್ರ ಬೇಕಂತಲೇ ನಿಧಾನಕ್ಕೆ ಬಿಡುತ್ತೆ. ಇನ್ನೊಂದು ಮುಖ್ಯ ವಿಷಯ ಏನಪ್ಪ ಅಂದ್ರೆ, ಚಕ್ರ ತಿರುಗೋ ವೇಗ ಅರ್ಧ ದಾಟಿದ್ರೂ ತಳ್ಳೋ ಶಕ್ತಿ ಅರ್ಧ ಬಂದಿರಲ್ಲ, ಜಾಸ್ತಿ ಶಕ್ತಿ ಬರೋದು ಕೊನೇ ಭಾಗದಲ್ಲೇ. ಅಂದ್ರೆ ಮೊದಲ ನಾಲ್ಕೈದು ಸೆಕೆಂಡ್ ನಿಮಗೆ ಏನೂ ಆಗ್ಲಿಲ್ಲ ಅಂತಾನೇ ಕಾಣುತ್ತೆ.

ಎ320 ಹಾರಿಸಿದವರಿಗೆ ಇದು ಗೊತ್ತಾಗದೇ ಇರೋಕೆ ಕಾರಣ ಇದೆ. ಅದ್ರಲ್ಲಿ ಫ್ಲ್ಯಾಪ್ (ರೆಕ್ಕೆ ಹಿಂದಿನ ಅಂಚಿಂದ ಕೆಳಗೆ ಇಳಿಸೋ ಹಲಗೆ) ಇಳಿಸಿದ ಮೇಲೆ ಇಂಜಿನ್ ಕಂಪ್ಯೂಟರ್ ತಾನೇ ಐಡಲ್ ವೇಗವನ್ನ ಸ್ವಲ್ಪ ಮೇಲಕ್ಕೆ ಇಡುತ್ತೆ, ಬೇಕಾದಾಗ ಬೇಗ ಏಳ್ಲಿ ಅಂತ. ಪವರ್‌ನ ತಾನೇ ಹೆಚ್ಚು ಕಮ್ಮಿ ಮಾಡೋ ಆಟೋಥ್ರಸ್ಟ್ ಬೇರೆ ಪಕ್ಕದಲ್ಲಿ ಕೂತು ನೋಡ್ಕೊಳ್ತಾ ಇರುತ್ತೆ. 727ರಲ್ಲಿ ಅದನ್ನೆಲ್ಲ ನೋಡ್ಕೊಳ್ಳೋರು ನೀವೇ.

ಈಗ ಇದಕ್ಕೆ ಫ್ಲ್ಯಾಪ್ ಸೇರಿಸಿ. 727ನ್ನ ಚಿಕ್ಕ ರನ್‌ವೇಗಳಿಗೆ ಅಂತ ಮಾಡಿದ್ರು, ಅದಕ್ಕೆ ಅದರ ರೆಕ್ಕೆ ಹಿಂದೆ ಮೂರು ಪದರದ ದೊಡ್ಡ ಫ್ಲ್ಯಾಪ್ ಕೊಟ್ರು. ಪೂರ್ತಿ 40 ಡಿಗ್ರಿ ಇಳಿಸಿದ್ರೆ ರೆಕ್ಕೆಗೆ ಎತ್ತೋ ಶಕ್ತಿನೂ ಬರುತ್ತೆ, ಅದರ ಜೊತೆ ಬ್ರೇಕ್ ಹಾಕಿದಂಗೆ ಎಳೆತನೂ ಬರುತ್ತೆ. ಐಡಲ್‌ನಲ್ಲಿ ಇಂಜಿನ್ ಬಿಟ್ಟು ಫ್ಲ್ಯಾಪ್ ಪೂರ್ತಿ ಇಳಿಸಿದ್ರೆ ನಿಮಿಷಕ್ಕೆ 2 ಸಾವಿರ ಅಡಿ ಇಳಿಯೋದು ಏನೂ ದೊಡ್ಡ ಮಾತಲ್ಲ. ಲೆಕ್ಕ ಹಾಕಿ ನೋಡಿ, 2 ಸಾವಿರ ಅಡಿ ಲೆಕ್ಕದಲ್ಲಿ 8 ಸೆಕೆಂಡ್‌ಗೆ 260 ಅಡಿಗಿಂತ ಜಾಸ್ತಿ. ನನ್ನ ಅಳಿಯ 250 ಅಡಿಲಿ ಥ್ರಾಟಲ್ ತಳ್ತಾ ಇದ್ದ. ಇಂಜಿನ್ ಎದ್ದೇಳೋ ಹೊತ್ತಿಗೆ ನೆಲ ಬಂದಿರ್ತಿತ್ತು.

727 ಪ್ರಯಾಣಿಕರ ಸೇವೆಗೆ ಬಂದಿದ್ದು 1964ರ ಫೆಬ್ರವರಿಲಿ. 1965ರ ಆಗಸ್ಟ್‌ನಿಂದ 1966ರ ಫೆಬ್ರವರಿ ಒಳಗೆ ನಾಲ್ಕು 727 ಇಳಿಯೋ ಹೊತ್ತಲ್ಲಿ ಬಿದ್ವು: ಮಿಶಿಗನ್ ಸರೋವರದಲ್ಲಿ ಒಂದು, ಸಿನ್ಸಿನಾಟಿ ಹತ್ರ ಒಂದು, ಸಾಲ್ಟ್ ಲೇಕ್ ಸಿಟಿಲಿ ಒಂದು, ಟೋಕಿಯೋ ಕೊಲ್ಲಿಲಿ ಒಂದು. ನಾಲ್ಕಕ್ಕೂ ಒಂದೇ ಕಾರಣ ಅಂತ ಹೇಳಕ್ಕಾಗಲ್ಲ. ಆದ್ರೆ 1965ರ ನವೆಂಬರ್ 11ರ ಸಾಲ್ಟ್ ಲೇಕ್ ಸಿಟಿ ಅಪಘಾತ ಈ ಇಂಜಿನ್ ವಿಷಯಕ್ಕೆ ಪಾಠ ಇದ್ದಂಗೆ. ಯುನೈಟೆಡ್ ಏರ್‌ಲೈನ್ಸ್ ವಿಮಾನ, 91 ಜನ ಇದ್ರು, ಇಳಿಯೋ ವೇಗ ನಿಮಿಷಕ್ಕೆ 2 ಸಾವಿರ ಅಡಿ ದಾಟಿತ್ತು, ಇರಬೇಕಾಗಿದ್ದರ ಮೂರರಷ್ಟು. ಸಹ ಪೈಲಟ್ ಥ್ರಾಟಲ್ ಮುಂದಕ್ಕೆ ತಳ್ಳೋಕೆ ಕೈ ಹಾಕಿದಾಗ ಕ್ಯಾಪ್ಟನ್ ಈಗಲೇ ಬೇಡ ಅಂದ್ರು. ಆಮೇಲೆ ತಳ್ಳೋ ಹೊತ್ತಿಗೆ ಕಾಲ ಮೀರಿತ್ತು, ವಿಮಾನ ರನ್‌ವೇಗಿಂತ ಮುಂಚೆನೇ ನೆಲಕ್ಕೆ ಬಡಿದು 43 ಜನ ಸತ್ರು. ವಿಮಾನ ಕೆಟ್ಟಿರ್ಲಿಲ್ಲ, ಇಂಜಿನ್ ಕೆಟ್ಟಿರ್ಲಿಲ್ಲ. ಈ ವಿಷಯ ಹೇಳಿದಾಗ ಹುಡುಗ ಸುಮ್ನಾಗ್ಬಿಟ್ಟ. ಪರದೆ ಮೇಲೆ ನಾಲ್ಕು ಸಲ ಆಗಿದ್ದು ಅವತ್ತು ಜನ ಕೂತಿದ್ದ ವಿಮಾನದಲ್ಲಿ ಆಗಿತ್ತು ಅಂತ ಅವನಿಗೆ ಗೊತ್ತಿರ್ಲಿಲ್ಲ.

ಹಂಗಾದ್ರೆ ಹೆಂಗೆ ಹಾರಿಸ್ಬೇಕು? ಎಳೆತವನ್ನ ಶತ್ರು ಅನ್ಕೋಬೇಡಿ, ಅದು ನಿಮ್ಮ ಕಡೆ ಇದೆ. ಗೇರ್ (ಚಕ್ರ) ಇಳಿಸಿ, ಫ್ಲ್ಯಾಪ್ 30 ಇಡಿ, ನೆಲದಿಂದ 1 ಸಾವಿರ ಅಡಿ ಮೇಲೆ ಇರುವಾಗಲೇ ಎಲ್ಲ ಮುಗಿದಿರಲಿ. ಆಗ ವೇಗ ಕಾಯ್ಕೊಳ್ಳೋಕೆ ಇಂಜಿನ್ ತಾನಾಗಿ ಮೇಲಿನ ಪವರ್‌ನಲ್ಲೇ ಇರಬೇಕಾಗುತ್ತೆ, ಅಲ್ಲಿಂದ ಇನ್ನಷ್ಟು ಕೇಳಿದ್ರೆ ಒಂದೆರಡು ಸೆಕೆಂಡ್‌ಗೆ ಕೊಡುತ್ತೆ. ನಾಲೆ ಆಗಲೇ ತುಂಬಿ ಹರೀತಾ ಇದ್ರೆ ಕೊನೇ ಗದ್ದೆಗೂ ನೀರು ಬೇಗ ಸಿಗುತ್ತಲ್ಲ ಹಂಗೆ. ಇಳಿಯೋ ವೇಗಕ್ಕೆ ಸುಲಭದ ಲೆಕ್ಕ ಇದೆ, ಗ್ರೌಂಡ್ ಸ್ಪೀಡ್, ಅಂದ್ರೆ ನೆಲಕ್ಕೆ ಹೋಲಿಸಿದ್ರೆ ವಿಮಾನ ಹೋಗ್ತಾ ಇರೋ ವೇಗವನ್ನ 5ರಿಂದ ಗುಣಿಸಿ, 140 ನಾಟ್ (ಒಂದು ನಾಟ್ ಅಂದ್ರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್) ಇದ್ರೆ 700, ನಿಮಿಷಕ್ಕೆ 700 ಅಡಿ. 1 ಸಾವಿರ ದಾಟಿದ್ರೆ ಸರಿ ಮಾಡ್ಕೊಳ್ಳೋಕೆ ಹೋಗ್ಬೇಡಿ, ಪವರ್ ಕೊಟ್ಟು ಮೇಲಕ್ಕೆ ಹೋಗಿ, ಸುತ್ತು ಹಾಕಿ ಬನ್ನಿ. 40 ಫ್ಲ್ಯಾಪ್‌ನ ಎಷ್ಟೋ ಏರ್‌ಲೈನ್‌ಗಳೇ ಬಿಟ್ಟು 30ಕ್ಕೆ ನಿಂತ್ವು, ಹೊಸಬರು ಮುಟ್ಟದೇ ಇರೋದೇ ವಾಸಿ.

ಇದರ ಜೊತೆಗೇ ಇನ್ನೊಂದು ಬರುತ್ತೆ, ಎಷ್ಟೋ ವರ್ಷ ಸಿಮ್ ಹಾರಿಸಿದವರಿಗೂ ತಲೆಗೆ ಹೋಗಿರಲ್ಲ. ಸಾಮಾನ್ಯವಾಗಿ ನಿಧಾನಕ್ಕೆ ಹೋಗೋಕೆ ಕಮ್ಮಿ ಪವರ್ ಸಾಕು ಅನ್ಕೋತೀವಿ. ಹಿಂದಕ್ಕೆ ಬಾಗಿದ ರೆಕ್ಕೆಯ ಜೆಟ್‌ನಲ್ಲಿ ಒಂದು ವೇಗದ ಕೆಳಗೆ ಲೆಕ್ಕ ಉಲ್ಟಾ ಆಗುತ್ತೆ. ನಿಧಾನ ಆದಷ್ಟೂ ಮೂಗು ಮೇಲಕ್ಕೆ ಎತ್ತಿರಬೇಕು, ಮೂಗು ಎತ್ತಿದಷ್ಟೂ ಎಳೆತ ಜಾಸ್ತಿ, ಎಳೆತ ಜಾಸ್ತಿ ಆದಷ್ಟೂ ವೇಗ ಇನ್ನೂ ಕಮ್ಮಿ. ತಾನಾಗಿ ಸರಿ ಹೋಗಲ್ಲ, ನೀವೇ ಪವರ್ ಕೊಡ್ಬೇಕು. ಕೆಳಗೆ ಹೋಗ್ತಿದೀನಿ ಅಂತ ಮೂಗನ್ನ ಮಾತ್ರ ಎತ್ತಿದ್ರೆ ಇನ್ನೂ ಜೋರಾಗಿ ಕೆಳಗೆ ಹೋಗ್ತೀರಿ. ಕಾಂಕಾರ್ಡ್‌ನಲ್ಲಿ ಇದು ಎಲ್ಲಕ್ಕಿಂತ ಜಾಸ್ತಿ, ಅದಕ್ಕೆ ಫ್ಲ್ಯಾಪ್ ಇಲ್ಲ ಬಾಲದ ರೆಕ್ಕೆ ಇಲ್ಲ, 160 ನಾಟ್ ಸುತ್ತಮುತ್ತ ಮೂಗು ಎತ್ತಿಕೊಂಡೇ ಇಳಿಯುತ್ತೆ, ಅದಕ್ಕೇ ಅದರ ಆಟೋಥ್ರಾಟಲ್ ಆನ್ ಇಟ್ಟೇ ಇಳಿಸಿ.

ಥ್ರಾಟಲ್ ಪೂರ್ತಿ ತಳ್ಳೋ ವಿಷಯ ಬಂತಲ್ಲ, ಅದೂ ತಪ್ಪೇ. ಈಗಿನ ಇಂಜಿನ್‌ನಲ್ಲಿ ಲಿವರ್ ಎಷ್ಟು ತಳ್ಳಿದ್ರೂ ಕಂಪ್ಯೂಟರ್ ಮಿತಿ ದಾಟೋಕೆ ಬಿಡಲ್ಲ. ಜೆಟಿ8ಡಿಗೆ ಆ ಕಾವಲು ಇಲ್ಲ, ಪೂರ್ತಿ ತಳ್ಳಿದ್ರೆ ಇಂಜಿನ್ ತನ್ನ ಮಿತಿ ದಾಟಿ ಓಡುತ್ತೆ. ಪವರ್ ಎಷ್ಟು ಅಂತ ತೋರಿಸೋದು ಇಪಿಆರ್ ಅನ್ನೋ ಮೀಟರ್, ಇಂಜಿನ್ ಮುಂದೆ ಬರೋ ಗಾಳಿ ಒತ್ತಡಕ್ಕಿಂತ ಹಿಂದೆ ಹೋಗೋ ಗಾಳಿ ಒತ್ತಡ ಎಷ್ಟು ಪಟ್ಟು ಅನ್ನೋದು. ಟೇಕಾಫ್‌ಗೆ ಮುಂಚೆ ಅವತ್ತಿನ ಬಿಸಿಲು, ಆ ಊರಿನ ಎತ್ತರ ಎರಡನ್ನೂ ಹಿಡ್ಕೊಂಡು ಚಾರ್ಟ್‌ನಲ್ಲಿ ಇಪಿಆರ್ ನೋಡಿ, ಅಷ್ಟಕ್ಕೇ ಕೈಯಲ್ಲಿ ಹೊಂದಿಸ್ಬೇಕು, ಮೇಲೆ ಏರ್ತಾ ಏರ್ತಾ ಮತ್ತೆ ಮತ್ತೆ ಹೊಂದಿಸ್ತಾ ಇರ್ಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 3 ಸಾವಿರ ಅಡಿ ಮೇಲಿದೆ, ಏಪ್ರಿಲ್ ಬಿಸಿಲು ಹಾಕ್ಕೊಂಡು 737-200 ತುಂಬಾ ಭಾರ ಹೊರಿಸಿ ಎಬ್ಬಿಸಿ ನೋಡಿ, ರನ್‌ವೇ ಎಷ್ಟು ತಿನ್ನುತ್ತೆ ಅಂತ ಗೊತ್ತಾಗುತ್ತೆ.

ಇಪಿಆರ್ ಒಂದನ್ನೇ ನಂಬೋದೂ ಬೇಡ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲೋರಿಡಾದ 737-200 ಹಿಮ ಬೀಳ್ತಾ ಇರುವಾಗ ಎದ್ದು ಪೊಟೊಮ್ಯಾಕ್ ನದಿಗೆ ಬಿತ್ತು. ಇಂಜಿನ್‌ಗೆ ಮಂಜು ಕಟ್ಟದಂಗೆ ಮಾಡೋ ಸ್ವಿಚ್ ಹಾಕಿರ್ಲಿಲ್ಲ, ಇಂಜಿನ್ ಮೂತಿಲಿ ಒತ್ತಡ ಅಳೆಯೋ ನಳಿಗೆಗೆ ಮಂಜು ಕಟ್ಟಿ ಮೀಟರ್ 2.04 ತೋರಿಸ್ತು, ನಿಜವಾಗಿ ಇದ್ದಿದ್ದು 1.70 ಅಷ್ಟೇ. ಪಕ್ಕದಲ್ಲೇ ಇದ್ದ ಉಳಿದ ಮೀಟರ್‌ಗಳು ಬೇರೆ ಮಾತು ಹೇಳ್ತಾ ಇದ್ವು. ಒಳ್ಳೇ 737-200 ಮಾಡೆಲ್ ಇದ್ರೆ ಸಿಮ್‌ನಲ್ಲೂ ಮಂಜಿನ ಹವಾಮಾನ ಹಾಕ್ಕೊಂಡು ಆ ಸ್ವಿಚ್ ಮರೆತು ನೋಡ್ಬಹುದು.

ಇನ್ನು ಬಾಲ ಅಲ್ಲಾಡೋ ವಿಷಯ. 707 ಹಾಕ್ಕೊಂಡವರು ಮೇಲೆ ಹೋದ್ಮೇಲೆ ಆಟೋಪೈಲಟ್ ತೆಗೆದ್ರೆ ವಿಮಾನ ಎಡಕ್ಕೆ ಬಲಕ್ಕೆ ತೂಗಾಡ್ತಾ ಹೋಗುತ್ತೆ, ಮೂಗು ಒಂದು ಕಡೆ ತಿರುಗುತ್ತೆ, ರೆಕ್ಕೆ ವಾಲುತ್ತೆ, ಮತ್ತೆ ಇನ್ನೊಂದು ಕಡೆ. ಇದಕ್ಕೆ ಡಚ್ ರೋಲ್ ಅಂತಾರೆ. ನಮ್ಮ ಕಡೆ ಕಬ್ಬಿನ ಸೀಸನ್‌ನಲ್ಲಿ ಎರಡು ಟ್ರೇಲರ್ ಕಟ್ಕೊಂಡು ಹೋಗೋ ಟ್ರ್ಯಾಕ್ಟರ್ ಹಿಂದೆ ಬೈಕಲ್ಲಿ ಹೋಗಿರೋರಿಗೆ ಇದರ ನೆನಪು ಆಗುತ್ತೆ. ಹಿಂದಿನ ಟ್ರೇಲರ್ ಒಂದು ಸಲ ಆಕಡೆ ಈಕಡೆ ಬಾಲ ಬೀಸೋಕೆ ಶುರು ಮಾಡಿದ್ರೆ ಅನುಭವ ಇರೋ ಡ್ರೈವರ್ ಸ್ಟೇರಿಂಗ್ ಜೊತೆ ಜಗಳ ಆಡಲ್ಲ, ನೆಟ್ಟಗೆ ಹಿಡ್ಕೊಂಡು ನಿಧಾನ ಮಾಡ್ತಾನೆ. ಹೊಸಬ ಟ್ರೇಲರ್ ಎಡಕ್ಕೆ ಹೋದಾಗ ಬಲಕ್ಕೆ ಎಳೀತಾನೆ, ಅವನ ಎಳೆತ ತಲುಪೋ ಹೊತ್ತಿಗೆ ಟ್ರೇಲರ್ ತಾನೇ ಬಲಕ್ಕೆ ಬರ್ತಾ ಇರುತ್ತೆ, ಎರಡೂ ಸೇರಿ ಬೀಸು ಇನ್ನೂ ದೊಡ್ಡದಾಗುತ್ತೆ.

ವಿಮಾನದಲ್ಲಿ ಕಾರಣ ಬೇರೆ, ತೂಗಾಟ ಅದೇ. 707 ರೆಕ್ಕೆ 35 ಡಿಗ್ರಿ ಹಿಂದಕ್ಕೆ ಬಾಗಿದೆ. ಮೂಗು ಬಲಕ್ಕೆ ತಿರುಗಿತು ಅನ್ಕೊಳ್ಳಿ, ಆಗ ಎಡ ರೆಕ್ಕೆ ಮುಂದೆ ಬರುತ್ತೆ, ಗಾಳಿಗೆ ಅದು ಬಾಗಿರೋದು ಕಮ್ಮಿ ಆದಂಗೆ ಆಗಿ ಜಾಸ್ತಿ ಎತ್ತುತ್ತೆ, ವಿಮಾನ ಬಲಕ್ಕೆ ವಾಲುತ್ತೆ. ಅದೇ ಎಡ ರೆಕ್ಕೆಗೆ ಎಳೆತನೂ ಜಾಸ್ತಿ, ಬಾಲನೂ ಮೂಗನ್ನ ನೆಟ್ಟಗೆ ಮಾಡೋಕೆ ನೋಡುತ್ತೆ, ಹಂಗಾಗಿ ಮೂಗು ವಾಪಸ್ ಎಡಕ್ಕೆ ಬಂದು ನೆಟ್ಟಗಿರೋ ಜಾಗ ದಾಟಿ ಹೋಗುತ್ತೆ, ಈಗ ಬಲ ರೆಕ್ಕೆ ಸರದಿ. ಮೇಲೆ ಗಾಳಿ ತೆಳ್ಳಗೆ ಇರೋದ್ರಿಂದ ಈ ತೂಗಾಟ ಬೇಗ ಸಾಯಲ್ಲ. ಯಾ ಡ್ಯಾಂಪರ್ ಅನ್ನೋ ಪೆಟ್ಟಿಗೆ ಮೂಗು ತಿರುಗೋದನ್ನ ಹುಟ್ಟೋವಾಗಲೇ ಹಿಡಿದು ರಡ್ಡರ್‌ನ (ಬಾಲದಲ್ಲಿ ಮೂಗನ್ನ ಎಡಕ್ಕೆ ಬಲಕ್ಕೆ ತಿರುಗಿಸೋ ಹಲಗೆ) ಚೂರು ಚೂರು ಅಲ್ಲಾಡಿಸಿ ಅಡಗಿಸುತ್ತೆ. ಈಗಿನ ವಿಮಾನಗಳಿಗೂ ಅದು ಬೇಕು, ನಿಮ್ಮ ಕಣ್ಣಿಗೆ ಬೀಳಲ್ಲ ಅಷ್ಟೇ. ಹಳೇದ್ರಲ್ಲಿ ಅದಕ್ಕೆ ಒಂದು ಸ್ವಿಚ್ ಇದೆ, ಹೊಸಬರು ಅದನ್ನ ಹಾಕೋದೇ ಮರೀತಾರೆ.

ಕೈಯಲ್ಲಿ ಸರಿ ಮಾಡೋದಾದ್ರೆ ರಡ್ಡರ್ ಮುಟ್ಬೇಡಿ. ಒಂದು ತೂಗು ನೋಡಿ, ಇನ್ನೊಂದು ತೂಗು ನೋಡಿ, ತಾಳ ಸಿಗುತ್ತೆ. ರೆಕ್ಕೆ ಮೇಲೆ ಏಳ್ತಾ ಇರುವಾಗ ಆ ರೆಕ್ಕೆ ಕೆಳಗೆ ಬರೋ ಕಡೆಗೆ ಯೋಕ್‌ನ (ವಿಮಾನದ ಸ್ಟೇರಿಂಗ್) ಒಂದೇ ಒಂದು ಸಲ ಸ್ವಲ್ಪ ತಿರುಗಿಸಿ ವಾಪಸ್ ಮಧ್ಯಕ್ಕೆ ತನ್ನಿ. ಹಿಂದೆನೇ ಬಿದ್ದು ಓಡಿಸ್ಬೇಡಿ. 1959ರ ಅಕ್ಟೋಬರ್ 19ರಂದು ಬ್ರಾನಿಫ್ ಕಂಪನಿಗೆ ಕೊಡಬೇಕಾಗಿದ್ದ ಹೊಸ 707ರಲ್ಲಿ ಇದನ್ನೇ ಪೈಲಟ್‌ಗಳಿಗೆ ತೋರಿಸಿಕೊಡ್ತಾ ಇದ್ದಾಗ ವಾಲೋದು ಮಿತಿ ದಾಟಿ ಹೋಗಿ, ನಾಲ್ಕು ಇಂಜಿನ್‌ನಲ್ಲಿ ಮೂರು ಕಿತ್ಕೊಂಡು ಬಿದ್ವು. ಎಂಟು ಜನರಲ್ಲಿ ನಾಲ್ಕು ಜನ ಸತ್ರು. ಆಮೇಲೆ ಬ್ರಿಟನ್ನಿನವರು ತಮ್ಮ ದೇಶದಲ್ಲಿ ಹಾರಬೇಕಾದ್ರೆ ಬಾಲ ಎತ್ತರ ಮಾಡ್ಲೇಬೇಕು ಅಂತ ಪಟ್ಟು ಹಿಡಿದ್ರು, ಅದಕ್ಕೇ ಮುಂದಿನ 707ಗಳಲ್ಲಿ ಬಾಲ ಎತ್ತರ ಇದೆ, ಕೆಲವಕ್ಕೆ ಹೊಟ್ಟೆ ಕೆಳಗೂ ಒಂದು ಸಣ್ಣ ರೆಕ್ಕೆ ಇದೆ. ನಮ್ಮ ಏರ್ ಇಂಡಿಯಾಕ್ಕೆ 707 ಬಂದಿದ್ದು 1960ರಲ್ಲಿ, 1962ರ ಹೊತ್ತಿಗೆ ಅದು ಬರೀ ಜೆಟ್‌ಗಳನ್ನೇ ಹಾರಿಸೋ ಪ್ರಪಂಚದ ಮೊದಲ ಏರ್‌ಲೈನ್ ಆಗಿತ್ತು. ಆ ಪೈಲಟ್‌ಗಳು ಪ್ರೊಪೆಲ್ಲರ್ ವಿಮಾನದಿಂದ ನೇರ ಇದಕ್ಕೆ ಬಂದವರು, ಅವರು ಏನೇನು ಹೊಸದಾಗಿ ಕಲೀಬೇಕಾಯ್ತು ಅಂತ ನೆನೆಸಿಕೊಂಡ್ರೆ ನನಗೆ ತುಂಬಾ ಗೌರವ ಬರುತ್ತೆ.

ಇಂಜಿನ್ ಹಿಂದೆ ಇದ್ದು, ಬಾಲದ ಅಡ್ಡ ರೆಕ್ಕೆ ಬಾಲದ ನೆತ್ತಿ ಮೇಲೆ ಕೂತಿರೋ ವಿಮಾನಗಳ ಗುಣ ಬೇರೆ. 727, ಡಿಸಿ-9, ಬಿಎಸಿ ಒನ್-ಇಲೆವೆನ್, ಟ್ರೈಡೆಂಟ್, ಟಿಯು-154 ಎಲ್ಲ ಈ ಜಾತಿ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗಾಳಿಯಂತ್ರಗಳನ್ನ ಗುಡ್ಡದ ನೆತ್ತಿ ಮೇಲೇ ಯಾಕೆ ನಿಲ್ಲಿಸಿದಾರೆ? ಗುಡ್ಡದ ಹಿಂದೆ ಮರೇಲಿ ಬರೋ ಗಾಳಿ ಒಡೆದು ಸುಳಿ ಸುತ್ತಿ ಶಕ್ತಿ ಕಳ್ಕೊಂಡಿರುತ್ತೆ. ವಿಮಾನ ಸ್ಟಾಲ್ ಆಗಿ, ಅಂದ್ರೆ ರೆಕ್ಕೆ ಎತ್ತೋ ಶಕ್ತಿ ಕಳ್ಕೊಂಡು, ಮೂಗು ತುಂಬಾ ಮೇಲೆ ಎದ್ದಾಗ ರೆಕ್ಕೆನೇ ಗುಡ್ಡ ಆಗುತ್ತೆ, ಅದರ ಹಿಂದಿನ ಒಡೆದ ಗಾಳಿ ನೇರ ಬಾಲದ ರೆಕ್ಕೆಗೆ ಬಂದು ಬಡಿಯುತ್ತೆ. ನೀವು ಯೋಕ್ ಎಷ್ಟು ಮುಂದೆ ತಳ್ಳಿದ್ರೂ ಮೂಗು ಇಳಿಯಲ್ಲ, ಯಾಕಂದ್ರೆ ಇಳಿಸ್ಬೇಕಾದ ಬಾಲಕ್ಕೆ ಸರಿಯಾದ ಗಾಳಿನೇ ಇಲ್ಲ. ಇದನ್ನ ಡೀಪ್ ಸ್ಟಾಲ್ ಅಂತಾರೆ. 1963ರ ಅಕ್ಟೋಬರ್ 22ರಂದು ಇಂಗ್ಲೆಂಡಿನಲ್ಲಿ ಒನ್-ಇಲೆವೆನ್ ಪರೀಕ್ಷೆ ಮಾಡ್ತಾ ಇದ್ದ ಏಳೂ ಜನ ಹಿಂಗೇ ಹೋದ್ರು. ಆಮೇಲೆ ಆ ವಿಮಾನಕ್ಕೆ ಸ್ಟಾಲ್‌ಗೆ ಮುಂಚೆನೇ ಯೋಕ್‌ನ ತಾನೇ ಮುಂದಕ್ಕೆ ತಳ್ಳೋ ಯಂತ್ರ ಹಾಕಿದ್ರು, ಡಗ್ಲಸ್‌ನವರು ಡಿಸಿ-9ರ ಬಾಲದ ರೆಕ್ಕೆ ದೊಡ್ಡದು ಮಾಡಿದ್ರು. ಸಿಮ್‌ನಲ್ಲಿ ಯೋಕ್ ತಾನಾಗೇ ಮುಂದಕ್ಕೆ ಹೋದ್ರೆ ಜಾಯ್‌ಸ್ಟಿಕ್ ಕೆಟ್ಟಿದೆ ಅನ್ಕೋಬೇಡಿ.

ಇದೇ ಡಿಸಿ-9, ಎಂಡಿ-80 ಮನೆತನದ ಇನ್ನೊಂದು ಗುಣಕ್ಕೆ ಹೊಸಬರು ತಲೆ ಕೆಡಿಸ್ಕೋತಾರೆ. ನಿಲ್ಲಿಸಿರೋ ವಿಮಾನದ ಬಾಲ ನೋಡಿದ್ರೆ ಒಂದು ಎಲಿವೇಟರ್ (ಮೂಗನ್ನ ಎತ್ತಿ ಇಳಿಸೋ ಬಾಲದ ಹಲಗೆ) ಮೇಲೆ, ಇನ್ನೊಂದು ಕೆಳಗೆ ಇರುತ್ತೆ. ಮಾಡೆಲ್ ಮಾಡಿದವರ ತಪ್ಪಲ್ಲ ಅದು. ಅದ್ರಲ್ಲಿ ಯೋಕ್‌ಗೂ ಎಲಿವೇಟರ್‌ಗೂ ನೇರ ನಂಟಿಲ್ಲ, ಯೋಕ್ ಅಲ್ಲಾಡಿಸೋದು ಎಲಿವೇಟರ್ ತುದಿಲಿರೋ ಸಣ್ಣ ಪಟ್ಟಿಯನ್ನ, ಆ ಪಟ್ಟಿ ಮೇಲೆ ಬೀಳೋ ಗಾಳಿ ಎಲಿವೇಟರ್‌ನ ತಿರುಗಿಸುತ್ತೆ. ನಿಂತಿರುವಾಗ ಗಾಳಿ ಇಲ್ಲ, ಎರಡೂ ಅವುಗಳ ಪಾಡಿಗೆ ಬಿದ್ದಿರ್ತಾವೆ. ಹಾರುವಾಗಲೂ ನೀವು ಎಳೆದಿದ್ದಕ್ಕೆ ಚೂರು ತಡವಾಗಿ ಮೂಗು ಎದ್ದೇಳುತ್ತೆ, ನೆಲದ ಹತ್ರ ಅದನ್ನ ನೆನಪಿಟ್ಕೊಂಡು ಸ್ವಲ್ಪ ಮುಂಚೆ ಎಳೀಬೇಕು. ಎಂಡಿ-80ರಲ್ಲಿ ಇಳಿದ ಮೇಲೆ ರಿವರ್ಸ್ (ಇಂಜಿನ್ ಗಾಳಿನ ಮುಂದಕ್ಕೆ ತಿರುಗಿಸಿ ವಿಮಾನ ನಿಲ್ಲಿಸೋದು) ಜಾಸ್ತಿ ಕೊಡೋಕೂ ಹೋಗ್ಬೇಡಿ, ಒದ್ದೆ ರನ್‌ವೇಲಿ ಇಪಿಆರ್ 1.3 ಸಾಕು, ಅದು ಮೀರಿದ್ರೆ ಮುಂದಕ್ಕೆ ಬರೋ ಇಂಜಿನ್ ಹೊಗೆ ರಡ್ಡರ್‌ಗೆ ಗಾಳಿ ಸಿಗದಂಗೆ ಅಡ್ಡ ನಿಲ್ಲುತ್ತೆ, ಮೂಗು ನೆಟ್ಟಗೆ ನಿಲ್ಲಲ್ಲ.

ಆಟೋಪೈಲಟ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಹಲವು ಹಳೇ ಜೆಟ್‌ಗಳಲ್ಲಿ ರೆಕ್ಕೆ ಈಗ ಎಷ್ಟು ವಾಲಿದೆಯೋ, ಮೂಗು ಈಗ ಯಾವ ಕೋನದಲ್ಲಿದೆಯೋ ಅದನ್ನ ಹಂಗೇ ಹಿಡ್ಕೊಳ್ಳುತ್ತೆ ಅಷ್ಟೇ. 33 ಸಾವಿರ ಅಡಿ ಅಂತ ಟೈಪ್ ಮಾಡಿ ಕೂತ್ರೆ ಅದು 33 ಸಾವಿರದಲ್ಲಿ ನಿಲ್ಲಲ್ಲ, ಹತ್ರ ಬಂದಾಗ ನೀವೇ ಮೂಗು ಇಳಿಸಿ ಸಮ ಮಾಡಿ ಆಮೇಲೆ ಎತ್ತರ ಹಿಡಿಯೋ ಸ್ವಿಚ್ ಹಾಕ್ಬೇಕು. ಆಟೋಪೈಲಟ್ ಬಿಟ್ಕೊಂಡ್ರೂ, ಅಂದ್ರೆ ತಾನಾಗಿ ಆಫ್ ಆದ್ರೂ, ಗಟ್ಟಿಯಾಗಿ ಕೂಗಿ ಹೇಳುತ್ತೆ ಅನ್ನೋ ನಂಬಿಕೆ ಬೇಡ. 1959ರ ಫೆಬ್ರವರಿ 3ರಂದು ಪ್ಯಾನ್ ಆಮ್‌ನ 707 ಅಟ್ಲಾಂಟಿಕ್ ಮೇಲೆ ಹೋಗ್ತಾ ಇದ್ದಾಗ ಕ್ಯಾಪ್ಟನ್ ಪ್ರಯಾಣಿಕರ ಜೊತೆ ಮಾತಾಡೋಕೆ ಹಿಂದೆ ಹೋಗಿದ್ರು, ಆಟೋಪೈಲಟ್ ಬಿಟ್ಕೊಂಡಿದ್ದು ಯಾರಿಗೂ ಗೊತ್ತಾಗ್ಲಿಲ್ಲ, ವಿಮಾನ 35 ಸಾವಿರ ಅಡಿಯಿಂದ ತಿರುಗುತ್ತಾ 6 ಸಾವಿರ ಅಡಿ ತನಕ ಬಂತು. ಕ್ಯಾಪ್ಟನ್ ಕಷ್ಟಪಟ್ಟು ಮುಂದೆ ಬಂದು ಎತ್ತಿ ಗ್ಯಾಂಡರ್‌ನಲ್ಲಿ ಇಳಿಸಿದ್ರು. ಶಬ್ದದ ವೇಗದ ಹತ್ರ ಹೋದಾಗ ಜೆಟ್‌ಗಳ ಮೂಗು ತಾನಾಗಿ ಕೆಳಗೆ ಎಳೆಯೋಕೆ ಶುರು ಮಾಡುತ್ತೆ, ಯಾಕಂದ್ರೆ ರೆಕ್ಕೆ ಎತ್ತೋ ಜಾಗ ಹಿಂದಕ್ಕೆ ಸರಿಯುತ್ತೆ. ಮೂಗು ಇಳಿದ್ರೆ ವೇಗ ಇನ್ನೂ ಏರುತ್ತೆ, ಮೂಗು ಕೆಳಗೆ ಎಳೆಯೋದೂ ಇನ್ನೂ ಜಾಸ್ತಿ ಆಗುತ್ತೆ. ಅದನ್ನ ತಾನಾಗೇ ಸರಿದೂಗಿಸೋಕೆ ಮ್ಯಾಕ್ ಟ್ರಿಮ್ ಅಂತ ಒಂದು ಸ್ವಿಚ್ ಇರುತ್ತೆ, ಅದನ್ನ ಆಫ್ ಮಾಡ್ಬೇಡಿ.

ಇಳಿಯೋದು ಎಲ್ಲಿಂದ ಶುರು ಮಾಡ್ಬೇಕು ಅನ್ನೋದಕ್ಕೆ ನಮ್ಮ ಕಡೆಯವರಿಗೆ ಒಂದು ಚೆಂದದ ಗುರುತು ಸಿಗುತ್ತೆ, ಇದನ್ನ ನಾನು ಮ್ಯಾಪ್ ಮೇಲೆ ಗೆರೆ ಎಳೆದಾಗ ಕಂಡ್ಕೊಂಡೆ, ತುಂಬಾ ಖುಷಿ ಆಯ್ತು. ಮುಂಬೈಯಿಂದ ಬೆಂಗಳೂರಿನ ಹಳೇ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದ್ರೆ ಅದು ಹೆಚ್ಚೂಕಮ್ಮಿ ಚಳ್ಳಕೆರೆ ಮೇಲೇ ಹೋಗುತ್ತೆ. ನಿಜವಾದ ವಿಮಾನಗಳ ದಾರಿ ಬೇರೆ, ಮನೇಲಿ ಹಾರಿಸೋಕೆ ಈ ಗೆರೆ ಸಾಕು. ಹಳೇ ಕಾಲದ ಲೆಕ್ಕ ಏನಂದ್ರೆ, ಇಳೀಬೇಕಾದ ಪ್ರತಿ 1 ಸಾವಿರ ಅಡಿಗೆ 3 ನಾಟಿಕಲ್ ಮೈಲಿ. ನೀವು 33 ಸಾವಿರದಲ್ಲಿದೀರಿ, ಎಚ್‌ಎಎಲ್ ಇರೋದು ಸುಮಾರು 3 ಸಾವಿರದಲ್ಲಿ, ಉಳಿದಿದ್ದು 30 ಸಾವಿರ, ಅಂದ್ರೆ 90 ಮೈಲಿ, ವೇಗ ತಗ್ಗಿಸೋಕೆ ಇನ್ನೊಂದು 10 ಸೇರಿಸಿ, 100 ಮೈಲಿ ಆಯ್ತು. ಚಳ್ಳಕೆರೆಯಿಂದ ಎಚ್‌ಎಎಲ್‌ಗೆ ಹತ್ತಿರ ಹತ್ತಿರ ಅಷ್ಟೇ ದೂರ! ಚಳ್ಳಕೆರೆ ದಾಟ್ತಾ ಇದ್ದಂಗೆ ಥ್ರಾಟಲ್ ಹಿಂದಕ್ಕೆ. ಹಿರಿಯೂರು ತನಕ ಎಳೆದ್ರೆ ಆಮೇಲೆ ಎತ್ತರ ಕಳೆಯೋಕೆ ಪರದಾಡ್ತೀರಿ. 727ರಲ್ಲಿ ಸ್ಪಾಯ್ಲರ್ (ಗಾಳಿಗೆ ಅಡ್ಡ ಬರೋ ರೆಕ್ಕೆ ಮೇಲಿನ ಹಲಗೆ) ಎತ್ತಿ ಸರಿ ಮಾಡ್ಕೋಬಹುದು, ಡಿಸಿ-8ರಲ್ಲಿ ಗಾಳಿಲಿ ಎತ್ತೋ ಸ್ಪಾಯ್ಲರ್ ಬ್ರೇಕೇ ಇಲ್ಲ, ಅದರ ಪೈಲಟ್‌ಗಳು ಒಳಗಿನ ಎರಡು ಇಂಜಿನ್‌ಗೆ ಆಕಾಶದಲ್ಲೇ ರಿವರ್ಸ್ ಕೊಡ್ತಿದ್ರು.

ಚಳ್ಳಕೆರೆ ಅಂದ ಮೇಲೆ ಇದನ್ನೂ ಹೇಳ್ಬೇಕು. ಇಂಡಿಯನ್ ಏರ್‌ಲೈನ್ಸ್‌ನ ಮೊದಲ ಜೆಟ್ ಫ್ರಾನ್ಸ್‌ನ ಕ್ಯಾರವೆಲ್, 1964ರಿಂದ ಓಡಿಸಿದ್ರು. ಅವರು ತಗೊಂಡಿದ್ದ ಮಾದರಿಲಿ ಇಂಜಿನ್‌ಗೆ ರಿವರ್ಸ್ ಇರ್ಲಿಲ್ಲ, ಇಳಿದ ಮೇಲೆ ನಿಲ್ಲಿಸೋಕೆ ಬಾಲದಿಂದ ಪ್ಯಾರಾಚೂಟ್ ಬಿಡಬಹುದಿತ್ತು. ಪ್ರಯಾಣಿಕರ ವಿಮಾನಕ್ಕೆ ಪ್ಯಾರಾಚೂಟಾ ಅಂತ ನನ್ನ ಅಳಿಯ ನಂಬ್ಲಿಲ್ಲ. ಚಳ್ಳಕೆರೆ ಹತ್ರ ಡಿಆರ್‌ಡಿಒದವರ ಪರೀಕ್ಷಾ ಮೈದಾನ ಇದೆಯಲ್ಲ, ಅಲ್ಲೇ 2023ರ ಏಪ್ರಿಲ್ 2ರಂದು ಇಸ್ರೋದವರು ಮತ್ತೆ ಬಳಸೋ ರಾಕೆಟ್ ವಿಮಾನವನ್ನ ಚಿನೂಕ್ ಹೆಲಿಕಾಪ್ಟರ್‌ನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು ತಾನಾಗೇ ರನ್‌ವೇ ಮೇಲೆ ಇಳಿಸಿದ್ರು, 2024ರಲ್ಲಿ ಮತ್ತೆರಡು ಸಲ. ಅದಕ್ಕೆ ಇಂಜಿನ್ನೇ ಓಡ್ತಾ ಇರಲ್ಲ, ರೆಕ್ಕೆ ಚಿಕ್ಕದು, ಅದಕ್ಕೆ ಗಂಟೆಗೆ 320 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ನೆಲ ಮುಟ್ಟುತ್ತೆ, ಪ್ಯಾರಾಚೂಟ್ ಬಿಟ್ಟು 100ರ ಹತ್ರ ತಂದು ಆಮೇಲೆ ಚಕ್ರದ ಬ್ರೇಕ್ ಹಾಕುತ್ತೆ. ಅದರ ವಿಡಿಯೋ ತೋರಿಸಿದ ಮೇಲೆ ಅವನಿಗೆ ಕ್ಯಾರವೆಲ್ ಪ್ಯಾರಾಚೂಟ್ ವಿಚಿತ್ರ ಅನ್ಸಲಿಲ್ಲ.

ಸಿಮ್‌ನ ಮಿತಿನೂ ತಿಳ್ಕೊಂಡಿರ್ಬೇಕು. 2006ರ ಮೈಕ್ರೋಸಾಫ್ಟ್ ಎಫ್‌ಎಸ್‌ಎಕ್ಸ್ ಥರದ ಹಳೇ ಸಿಮ್‌ಗಳು ಪಟ್ಟಿಲಿ ಬರೆದಿಟ್ಟ ಅಂಕಿ ನೋಡಿ ವಿಮಾನ ನಡೆಸ್ತಾವೆ, ಎಕ್ಸ್-ಪ್ಲೇನ್ ಅನ್ನೋ ಸಿಮ್ ರೆಕ್ಕೆಯನ್ನ ಚೂರು ಚೂರಾಗಿ ತಗೊಂಡು ಒಂದೊಂದರ ಮೇಲೂ ಗಾಳಿ ಲೆಕ್ಕ ಹಾಕುತ್ತೆ. ಮಾಮೂಲಿ ಹಾರಾಟದಲ್ಲಿ ಎರಡೂ ಚೆನ್ನಾಗೇ ಇರ್ತಾವೆ, ಡೀಪ್ ಸ್ಟಾಲ್ ಥರದ ಕಡೆ ಹೋದ್ರೆ ಏನು ಬರುತ್ತೋ ಅದನ್ನ ನಿಜ ಅಂತ ನಂಬ್ಬೇಡಿ. ಇನ್ನೊಂದು ನಿಮ್ಮ ಜಾಯ್‌ಸ್ಟಿಕ್. ನಿಜವಾದ ವಿಮಾನದಲ್ಲಿ ಕೈಗೆ ಭಾರ ಬರುತ್ತೆ, ಟ್ರಿಮ್ ತಿರುಗಿಸಿದ್ರೆ ಆ ಭಾರ ಇಳಿಯುತ್ತೆ, ಪೈಲಟ್‌ಗೆ ಕೈಯೇ ಹೇಳುತ್ತೆ. ನಮ್ಮ ಸ್ಪ್ರಿಂಗ್ ಜಾಯ್‌ಸ್ಟಿಕ್‌ಗೆ ಯಾವ ವೇಗ ಆದ್ರೂ ಒಂದೇ ಭಾರ. ಬೋಯಿಂಗ್‌ಗಳಲ್ಲಿ ಟ್ರಿಮ್ ಅಂದ್ರೆ ಬಾಲದ ಇಡೀ ರೆಕ್ಕೆನೇ ತಿರುಗುತ್ತೆ, ಸಣ್ಣ ಗುಂಡಿ ಒತ್ತಿದ್ರೂ ಪರಿಣಾಮ ದೊಡ್ಡದು, ಅದಕ್ಕೆ ಒತ್ತಿ ಹಿಡೀಬೇಡಿ, ಟಕ್ ಟಕ್ ಅಂತ ಒಂದೊಂದೇ ಸಲ ಒತ್ತಿ ಕಾಯಿರಿ. ಸೆಟ್ಟಿಂಗ್‌ನಲ್ಲಿ ಜಾಯ್‌ಸ್ಟಿಕ್ ಮಧ್ಯ ಭಾಗ ಮಂದ ಮಾಡಿದ್ರೆ ನೆಲದ ಹತ್ರ ಅನುಕೂಲ.

ಅವತ್ತು ಸಂಜೆ ಹುಡುಗನಿಗೆ ರನ್‌ವೇ ಹತ್ರ ಹೋಗೋದೇ ಬೇಡ ಅಂದೆ. 10 ಸಾವಿರ ಅಡಿಲಿ ಗೇರ್ ಇಳಿಸಿ, ಫ್ಲ್ಯಾಪ್ 30 ಇಟ್ಟು, ಥ್ರಾಟಲ್ ಐಡಲ್‌ಗೆ ತಂದು, ಆಮೇಲೆ ಟೇಕಾಫ್ ಪವರ್‌ಗೆ ತಳ್ಳಿ ಎಣಿಸು ಅಂತ ಹೇಳ್ದೆ, ಎಣಿಸ್ತಾ ಎಷ್ಟು ಅಡಿ ಇಳೀತು ಅಂತನೂ ಬರ್ಕೋ ಅಂದೆ. ಮೂರು ಸಲ ಮಾಡ್ದ. ಆಮೇಲೆ ಅದೇ ಥರ, ಐಡಲ್‌ಗೆ ತರದೆ ಅಪ್ರೋಚ್‌ನ (ಇಳಿಯೋಕೆ ಬರುವಾಗಿನ) ಪವರ್‌ನಿಂದ ತಳ್ಳಿ ಇನ್ನೂ ಮೂರು ಸಲ. ಎರಡೂ ಅಂಕಿಗಳನ್ನ ನೋಟ್‌ಬುಕ್ ಹಾಳೆ ಮೇಲೆ ದೊಡ್ಡದಾಗಿ ಬರೆದು ಮಾನಿಟರ್ ಕೆಳಗೆ ಅಂಟಿಸಿದಾನೆ, ಈಗ 727 ಇಳಿಸುವಾಗ 1 ಸಾವಿರ ಅಡಿಲಿ ಮೊದಲು ಆ ಹಾಳೆ ನೋಡ್ತಾನೆ, ಆಮೇಲೆ ಮೀಟರ್ ನೋಡ್ತಾನೆ.